ಮಳೆಗಾಲದ ರಸ್ತೆ ಬೇಸಿಗೆಯಲ್ಲೇ ಕೆಟ್ಟಿರುತ್ತದೆ

ನಮ್ಮೂರಿನ ರಸ್ತೆ ಪುನರ್ವಸು ಮಳೆಗೆ ಕಿತ್ತುಹೋಗುತ್ತದೆ. ಮೃಗಶಿರ, ಆರಿದ್ರಾ ಕಳೆಯುವವರೆಗೆ ಹೇಗೋ ತಾಳಿಕೊಂಡಿರುತ್ತದೆ. ಜುಲೈ ಮೊದಲ ವಾರ ದಾಟುತ್ತಿದ್ದಂತೆ ಅದೇ ತಿರುವಿನಲ್ಲಿ, ಅದೇ ಜಾಗದಲ್ಲಿ ಅಂಗೈ ಅಗಲದ ಗುಂಡಿ ಕಾಣಿಸಿಕೊಳ್ಳುತ್ತದೆ. ಹತ್ತು ದಿನದಲ್ಲಿ ಎಮ್ಮೆ ಮಲಗಬಹುದಾದಷ್ಟು ಹಿಗ್ಗುತ್ತದೆ. ಊರಿನವರ ತೀರ್ಪು ಪ್ರತಿ ವರ್ಷವೂ ಒಂದೇ: ಗುತ್ತಿಗೆದಾರ ಟಾರು ತಿಂದ. ತಿಂದಿರಲೂಬಹುದು. ಆದರೆ ಎರಡು ಕಿಲೋಮೀಟರ್ ಉದ್ದಕ್ಕೂ ಟಾರು ತಿಂದವನ ರಸ್ತೆ ಅದೊಂದೇ ಜಾಗದಲ್ಲಿ ಏಕೆ ಬಾಯಿಬಿಡಬೇಕು?

ಆ ಜಾಗದ ಎದುರಿಗಿರುವುದು ನಮ್ಮದೇ ಮನೆಯ ಗೇಟು. ಕಾರು ಒಳಗೆ ಬರಲೆಂದು ರಸ್ತೆ ಬದಿಯ ಚರಂಡಿಯಲ್ಲಿ ಆರು ಇಂಚಿನ ಪೈಪು ಇಟ್ಟು ಮೇಲೆ ಮಣ್ಣು ಹಾಕಿ ಗಟ್ಟಿ ಮಾಡಿದ್ದೆವು. ಅದರ ಬಾಯಿ ಮುಚ್ಚಲು ಒಂದು ಅಡಿಕೆ ಹಾಳೆ ಸಾಕು. ಪೈಪು ಕಟ್ಟಿಕೊಂಡ ಮೇಲೆ ಮೇಲಿನ ಗುಡ್ಡದ ನೀರು ಚರಂಡಿ ಬಿಟ್ಟು ರಸ್ತೆಗೆ ಏರುತ್ತದೆ, ಗೇಟಿನ ಮುಂದೆ ನಿಲ್ಲುತ್ತದೆ. ಇಡೀ ಊರು ಗುತ್ತಿಗೆದಾರನನ್ನು ಬೈಯುತ್ತಿದ್ದಾಗ ನಾವೂ ದನಿಗೂಡಿಸಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ರಸ್ತೆ ನಿರ್ವಹಣೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಹೊಗೆಯಾಡುವ ಟಾರು, ರೋಡ್ ರೋಲರ್, ಗುಂಡಿಗೆ ಸುರಿಯುವ ಜಲ್ಲಿ. ಅದರಲ್ಲಿ ಮುಕ್ಕಾಲು ಪಾಲು ಕೆಲಸ ನೀರಿಗೆ ದಾರಿ ಮಾಡಿಕೊಡುವುದು. ಅದಕ್ಕೆ ಗುದ್ದಲಿ, ಕತ್ತಿ, ಬುಟ್ಟಿ ಸಾಕು. ಆದರೆ ರೋಹಿಣಿ ಮಳೆ ಬೀಳುವ ಮುಂಚೆ ಅದು ಮುಗಿದಿರಬೇಕು. ಏಕೆ ಎಂದು ತಿಳಿಯಬೇಕಾದರೆ ರಸ್ತೆಯನ್ನು ಮೇಲಿನಿಂದ ಕೆಳಕ್ಕೆ ಬಗೆದು ನೋಡಬೇಕು.

ಹಳ್ಳಿ ರಸ್ತೆಯ ಮೇಲಿನ ಕಪ್ಪು ಹಾಸು ಬಹಳ ಕಡೆ ಕೇವಲ 20 ಮಿಲಿಮೀಟರ್ ದಪ್ಪ, ಹೆಬ್ಬೆರಳಿನ ಅಗಲದಷ್ಟು. ಭಾರ ಹೊರುವುದು ಅದರ ಕೆಲಸವಲ್ಲ. ಅದು ರಸ್ತೆಗೆ ಹೊದಿಸಿದ ಕೊಡೆ. ಕೆಳಗಿರುವ ಜಲ್ಲಿಯ ಪದರಗಳು ಚಕ್ರದ ಭಾರವನ್ನು ಹರಡುತ್ತವೆ, ಕೊನೆಗೆ ಹೊರುವುದು ತಳದ ಮಣ್ಣು. ಆ ಮಣ್ಣು ಎಷ್ಟು ಗಟ್ಟಿ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕ್ರಮವೊಂದಿದೆ. ಮಣ್ಣನ್ನು ಅಚ್ಚಿನಲ್ಲಿ ತುಂಬಿ, ನಾಲ್ಕು ದಿನ ನೀರಿನಲ್ಲಿ ನೆನೆಸಿಟ್ಟು, ಆಮೇಲೆ ಅದರೊಳಗೆ ಕಬ್ಬಿಣದ ದಿಂಡನ್ನು ಒತ್ತಿ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ರಸ್ತೆಯ ದಪ್ಪ ನಿರ್ಧಾರವಾಗುವುದು ಆ ಸಂಖ್ಯೆಯಿಂದ. ಅಲ್ಲಿ ನಾಲ್ಕು ದಿನ ನೆನೆಸುತ್ತಾರೆ. ಚರಂಡಿ ಕಟ್ಟಿಕೊಂಡ ಮಲೆನಾಡಿನ ರಸ್ತೆ ನಾಲ್ಕು ತಿಂಗಳು ನೆನೆಯುತ್ತದೆ.

ನೀರು ಒಳಗೆ ಹೋಗುವುದಕ್ಕೆ ಎರಡು ದಾರಿ. ಮೇಲಿನ ಬಿರುಕು ಒಂದು, ಪಕ್ಕದ ಅಂಚು ಇನ್ನೊಂದು. ರಸ್ತೆಯ ನಡುಭಾಗ ಕೊಂಚ ಉಬ್ಬಿರಬೇಕು ಎನ್ನುವುದು ಅದಕ್ಕೇ. ಮಳೆ ಹೆಚ್ಚಿರುವ ಕಡೆ ಡಾಂಬರು ರಸ್ತೆಗೆ ಶೇ 2.5ರಷ್ಟು ಇಳಿಜಾರು ಬೇಕು. 3.75 ಮೀಟರ್ ಅಗಲದ ಒಂಟಿ ರಸ್ತೆಯಲ್ಲಿ ಲೆಕ್ಕ ಹಾಕಿದರೆ ನಡುವಿಗಿಂತ ಅಂಚು ಸುಮಾರು ಐದು ಸೆಂಟಿಮೀಟರ್ ತಗ್ಗು. ಅಷ್ಟೇ. ಎರಡು ಸಲ ತೇಪೆ ಹಾಕಿದರೆ ಆ ಐದು ಸೆಂಟಿಮೀಟರ್ ಕಾಣೆಯಾಗಿರುತ್ತದೆ. ಇನ್ನು ಅಂಚಿನ ಆಚೆಗಿನ ಮಣ್ಣು ಹುಲ್ಲು ಬೆಳೆದು, ಎಲೆ ಕೊಳೆತು, ವರ್ಷದಿಂದ ವರ್ಷಕ್ಕೆ ಏರಿ ರಸ್ತೆಗಿಂತ ಎತ್ತರವಾಗುತ್ತದೆ. ಅಲ್ಲಿಗೆ ಟಾರು ರಸ್ತೆಯೇ ಚರಂಡಿಯಾಯಿತು.

ಆಮೇಲಿನದನ್ನು ಕೊಡೆ ಹಿಡಿದು ರಸ್ತೆ ಬದಿಯಲ್ಲಿ ಐದು ನಿಮಿಷ ನಿಂತವರು ಕಣ್ಣಾರೆ ನೋಡಬಹುದು. ಬಸ್ಸಿನ ಚಕ್ರ ಬಿರುಕಿನ ಮೇಲೆ ಹಾದಾಗ ಬಿರುಕಿನಿಂದ ಕೆಂಪು ನೀರು ಪಿಚಕಾರಿಯಂತೆ ಚಿಮ್ಮುತ್ತದೆ. ಮೇಲೆ ಬಿದ್ದ ಮಳೆ ತಿಳಿಯಾಗಿತ್ತು. ಈ ಕೆಂಪು, ರಸ್ತೆಯ ತಳದ ಮಣ್ಣು. ಪ್ರತಿ ಚಕ್ರವೂ ಒಂದು ಬೊಗಸೆ ತಳವನ್ನು ಹೊರಗೆ ಹಾಕುತ್ತಿದೆ. ಮೇಲೆ ಇನ್ನೂ ಗುಂಡಿ ಇಲ್ಲ, ಒಳಗೆ ಆಗಲೇ ಪೊಳ್ಳು. ಇದರ ಜೊತೆಗೆ ಇನ್ನೊಂದು ಸಂಗತಿ ನಡೆಯುತ್ತಿರುತ್ತದೆ. ಕಲ್ಲಿಗೆ ಟಾರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಜಲ್ಲಿಗೂ ಟಾರಿಗೂ ನಡುವೆ ನೀರು ನುಸುಳಿದರೆ ಟಾರು ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಮಳೆಗಾಲದ ಕೊನೆಗೆ ಬರಿಗಲ್ಲುಗಳು ರಸ್ತೆ ಮೇಲೆ ಚೆಲ್ಲಾಡುವುದು, ಬೈಕುಗಳು ಜಾರುವುದು ಹಾಗೆ.

ಭಾರದ ಲೆಕ್ಕ ಬೇರೆ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಪ್ರಯೋಗಕ್ಕೆಂದೇ ರಸ್ತೆ ಮಾಡಿ, ಲಾರಿಗಳನ್ನು ಹಗಲಿರುಳು ಓಡಿಸಿ ಕಂಡುಕೊಂಡದ್ದು ಇದು: ಚಕ್ರಗಳನ್ನು ಜೋಡಿಸಿದ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಪೆಟ್ಟು ಎರಡಲ್ಲ, ಸುಮಾರು ಹದಿನಾರು ಪಟ್ಟಾಗುತ್ತದೆ. ನಮ್ಮ ದೇಶದಲ್ಲಿ 2018ರ ಜುಲೈನಲ್ಲಿ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಕೇಳಲು ಶೇ 13ರಷ್ಟು ಹೆಚ್ಚಳ. ಆ ಲೆಕ್ಕದಲ್ಲಿ ರಸ್ತೆಗೆ ಬೀಳುವ ಪೆಟ್ಟು ಶೇ 60ರಷ್ಟು ಹೆಚ್ಚು. ಅದೂ ಮಿತಿಯೊಳಗೆ ಹೋಗುವ ಲಾರಿಯ ಮಾತು. ಮರಳು, ಜಂಬಿಟ್ಟಿಗೆ ಹೇರಿಕೊಂಡು ರಾತ್ರಿ ಹೋಗುವ ಲಾರಿಗಳ ವಿಷಯ ಎತ್ತಿದರೆ ಲೇಖನ ಬೇರೆ ದಾರಿ ಹಿಡಿಯುತ್ತದೆ.

ಸರಿ, ಚರಂಡಿ ಬಿಡಿಸಬೇಕಾದವರು ಯಾರು? ಇಲ್ಲಿಂದ ಗೋಜಲು ಶುರು.

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಿಂದ ಉಡುಪಿಗೆ ಹೊರಟವರು ಮೊದಲು ಮನೆಯಿಂದ ಊರ ರಸ್ತೆಗೆ ಇಳಿಯುತ್ತಾರೆ. ಅದು ಗ್ರಾಮ ಪಂಚಾಯಿತಿಯದು. ಅಲ್ಲಿಂದ ಪಕ್ಕದ ಊರಿಗೆ ಹೋಗುವ ರಸ್ತೆ ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗದ್ದು. ಅದರ ನಡುವೆ ಒಂದು ತುಂಡು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆದದ್ದಿರಬಹುದು. ಜಿಲ್ಲಾ ಮುಖ್ಯ ರಸ್ತೆಗೆ ಬಂದರೆ ಅದು ಲೋಕೋಪಯೋಗಿ ಇಲಾಖೆಯದು. ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ ಮೇಲೆ ಉಡುಪಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 169ಎ. ಹಣ ಕೇಂದ್ರದ್ದು. ರಾಷ್ಟ್ರೀಯ ಹೆದ್ದಾರಿಗಳಲ್ಲೂ ಕೆಲವನ್ನು ಹೆದ್ದಾರಿ ಪ್ರಾಧಿಕಾರ ನೋಡಿಕೊಂಡರೆ, ಕೆಲವನ್ನು ರಾಜ್ಯದ ಲೋಕೋಪಯೋಗಿ ಇಲಾಖೆಯಲ್ಲೇ ಇರುವ ರಾಷ್ಟ್ರೀಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ. ಎರಡು ಗಂಟೆಯ ಪ್ರಯಾಣದಲ್ಲಿ ನಾಲ್ಕು ಯಜಮಾನರು. ಗುಂಡಿ ಒಂದೇ ಥರದ್ದು, ಅರ್ಜಿ ಕೊಡಬೇಕಾದ ಮೇಜು ಬೇರೆ ಬೇರೆ. ಕಚೇರಿಯಲ್ಲಿ ಕೇಳಿಬರುವ ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ. ಸಿಟ್ಟು ಬರುವುದು ‘ಯಾರ ವ್ಯಾಪ್ತಿಗೆ ಬರುತ್ತದೆ’ ಎಂಬುದನ್ನು ಅವರು ಹೇಳದೇ ಇರುವುದಕ್ಕೆ.

ಅದನ್ನು ಕಲ್ಲು ಹೇಳುತ್ತದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿಯಾಗಿದ್ದರೆ ಜಿಲ್ಲಾ ರಸ್ತೆ, ಕಿತ್ತಳೆಯಾಗಿದ್ದರೆ ಗ್ರಾಮೀಣ ರಸ್ತೆ. ಬಣ್ಣ ಮಾಸಿ ಹಾವಸೆ ಕಟ್ಟಿದ್ದರೆ ಅಂಗೈಯಲ್ಲಿ ಒಮ್ಮೆ ಉಜ್ಜಿ ನೋಡಬೇಕು. ಕಲ್ಲಿನ ಸಂಖ್ಯೆಯನ್ನೂ ಬರೆದುಕೊಳ್ಳಿ. ‘ಇಂಥವರ ಅಂಗಡಿಯ ಹತ್ತಿರ’ ಎಂದು ಬರೆದ ಅರ್ಜಿಗೆ ಸಿಗದ ಮರ್ಯಾದೆ ‘ಇಷ್ಟನೇ ಕಿಲೋಮೀಟರ್‌ನ ಮೋರಿ’ ಎಂದು ಬರೆದದ್ದಕ್ಕೆ ಸಿಗುತ್ತದೆ.

ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಇನ್ನೂ ಒಂದು ಅನುಕೂಲ. 2000ದ ಡಿಸೆಂಬರ್ 25ರಂದು ಶುರುವಾದ ಈ ಯೋಜನೆಯ ನಿಯಮದ ಪ್ರಕಾರ, ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಅದು ಟೆಂಡರ್‌ನಲ್ಲೇ ಸೇರಿರುತ್ತದೆ. ರಸ್ತೆಯ ತುದಿಯ ಫಲಕದಲ್ಲಿ ಕೆಲಸ ಮುಗಿದ ದಿನಾಂಕ, ಗುತ್ತಿಗೆದಾರನ ಹೆಸರು, ನಿರ್ವಹಣೆಯ ಅವಧಿ ಎಲ್ಲವೂ ಇರುತ್ತವೆ. ನಾವು ಅದಕ್ಕೆ ಯಕ್ಷಗಾನದ ಪೋಸ್ಟರ್ ಅಂಟಿಸಿ ಮುಚ್ಚಿರುತ್ತೇವೆ. ಆ ಐದು ವರ್ಷದಲ್ಲಿ ಚರಂಡಿ ಬಿಡಿಸುವುದು, ಅಂಚಿನ ಮಣ್ಣು ಸರಿಪಡಿಸುವುದೂ ಗುತ್ತಿಗೆದಾರನ ಕೆಲಸವೇ. ಐದು ವರ್ಷ ತುಂಬಿದ ರಸ್ತೆ ಮಾತ್ರ ತವರೂ ಇಲ್ಲದ, ಗಂಡನ ಮನೆಯೂ ಇಲ್ಲದ ಹೆಣ್ಣಿನಂತಾಗಿಬಿಡುವುದುಂಟು.

ಪೇಟೆಗಳಲ್ಲಿ ಪುರಸಭೆ, ನಗರಸಭೆ, ಪಾಲಿಕೆಗಳದ್ದು ಇದೇ ಪಾಡು. ಜೊತೆಗೆ ನೀರಿನವರು, ಒಳಚರಂಡಿಯವರು, ಕೇಬಲ್‌ನವರು ಅಗೆಯುವ ಕಾಟ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅಲ್ಲಿನ ಗುಂಡಿಗೆ ಬೇಕಾದಷ್ಟು ಕ್ಯಾಮೆರಾಗಳಿವೆ, ಅದನ್ನು ಅವಕ್ಕೇ ಬಿಡುತ್ತೇನೆ.

ಹಣದ ಕಡೆ ಬರೋಣ. ಸರ್ಕಾರದ ಲೆಕ್ಕಪತ್ರದಲ್ಲಿ ರಸ್ತೆಗೆ ಎರಡು ಮುಖ್ಯ ಶೀರ್ಷಿಕೆಗಳಿವೆ: 3054 ಮತ್ತು 5054. ಎಂಜಿನಿಯರ್ ಕಚೇರಿಗಳಲ್ಲಿ ಇವೆರಡು ಮನೆಮಂದಿಯ ಹೆಸರಿನಂತೆ ಓಡಾಡುತ್ತವೆ. 3054 ಎಂದರೆ ಇರುವ ರಸ್ತೆಯ ನಿರ್ವಹಣೆ, 5054 ಎಂದರೆ ಹೊಸದು, ಅಗಲೀಕರಣ, ಸೇತುವೆ. ಶಾಸಕರು ಗುದ್ದಲಿ ಪೂಜೆ ಮಾಡುವುದು, ಫ್ಲೆಕ್ಸ್ ಕಟ್ಟುವುದು 5054ಕ್ಕೆ. ಚರಂಡಿಯ ಹೂಳೆತ್ತುವುದಕ್ಕೆ ಗುದ್ದಲಿ ಬೇಕೇ ಬೇಕು, ಆದರೆ ಪೂಜೆ ಮಾಡಿದವರನ್ನು ನಾನು ನೋಡಿಲ್ಲ.

ನಿರ್ವಹಣೆಯ ಹಣ ಬಂದರೂ ಅದು ಚರಂಡಿಗೆ ಹೋಗದಿರಲು ಇನ್ನೊಂದು ಕಾರಣವಿದೆ. ಆಗಿರುವ ಕೆಲಸವನ್ನು ಎಂಜಿನಿಯರ್ ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು, ‘ಎಂ.ಬಿ. ಬರೆಯುವುದು’ ಎನ್ನುತ್ತಾರೆ. ಅದರ ಮೇಲೆಯೇ ಬಿಲ್ಲು. ಟಾರು ಹಾಕಿದರೆ ಉದ್ದ, ಅಗಲ, ದಪ್ಪ ಅಳೆಯಬಹುದು. ಆರು ತಿಂಗಳ ಬಳಿಕ ಬಂದ ತಪಾಸಣೆಯವರಿಗೂ ತೋರಿಸಬಹುದು. ಬಿಡಿಸಿದ ಚರಂಡಿಯನ್ನು ತೋರಿಸುವುದು ಹೇಗೆ? ಮೇ ತಿಂಗಳಲ್ಲಿ ಎತ್ತಿದ ಹೂಳಿಗೆ ಆಗಸ್ಟ್‌ನಲ್ಲಿ ಸಾಕ್ಷಿ ಇರುವುದಿಲ್ಲ. ಹೀಗಾಗಿ ಪ್ರಾಮಾಣಿಕ ಎಂಜಿನಿಯರ್ ಆ ಕೆಲಸಕ್ಕೆ ಬಿಲ್ ಬರೆಯಲು ಹೆದರುತ್ತಾನೆ, ಅಪ್ರಾಮಾಣಿಕನಿಗೆ ಕೆಲಸ ಮಾಡಿಸದೆಯೇ ಬಿಲ್ ಬರೆಯುವುದು ಸುಲಭ. ಎರಡೂ ಕಡೆಯಿಂದ ಸೋಲುವುದು ಚರಂಡಿ.

ಹಿಂದೆ ಈ ತೊಡಕಿಗೆ ಗ್ಯಾಂಗ್‌ಮನ್‌ಗಳು ಎಂಬ ಉತ್ತರವಿತ್ತು. ಇಂತಿಷ್ಟು ಮೈಲಿಗೆ ಇಂತಿಷ್ಟು ಜನ, ಒಬ್ಬ ಮೇಸ್ತ್ರಿ. ಸಂಬಳ ತಿಂಗಳಿಗೆ, ಆದ್ದರಿಂದ ಅಳತೆಯ ತಾಪತ್ರಯವಿಲ್ಲ. ಖಾಕಿ ಚಡ್ಡಿ, ತಲೆಗೆ ಕಂಬಳಿ ಕೊಪ್ಪೆ, ಹೆಗಲ ಮೇಲೆ ಗುದ್ದಲಿ. ಸುರಿಯುವ ಮಳೆಯಲ್ಲಿ ಮೋರಿಯಿಂದ ಮೋರಿಗೆ ನಡೆಯುತ್ತಾ ಕಟ್ಟಿದ್ದನ್ನು ಬಿಡಿಸುತ್ತಿದ್ದ ಅವರನ್ನು ನನ್ನ ವಯಸ್ಸಿನವರು ನೋಡಿದ್ದೇವೆ. ಯಾವ ಮೋರಿಗೆ ಯಾವ ಬಿದಿರು ಹಿಂಡಲಿನ ತರಗೆಲೆ ಬಂದು ಕೂರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರು ನಿವೃತ್ತರಾದ ಮೇಲೆ ಬಹಳ ಕಡೆ ಆ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ. ಈಗ ಆ ಕೆಲಸ ಟೆಂಡರ್‌ನಲ್ಲಿ ‘ಜಂಗಲ್ ಕಟಿಂಗ್, ಚರಂಡಿ ಸ್ವಚ್ಛತೆ’ ಎಂಬ ಒಂದು ಸಾಲು. ಜೆಸಿಬಿ ಬಂದು ಒಂದೇ ದಿನದಲ್ಲಿ ಗೀಚಿಕೊಂಡು ಹೋಗುತ್ತದೆ. ಚರಂಡಿಯ ಜೊತೆಗೆ ಧರೆಯ, ಎಂದರೆ ರಸ್ತೆ ಪಕ್ಕದ ಕಡಿದ ದಿಬ್ಬದ, ಬುಡವನ್ನೂ ಕೆರೆದು ಹೋಗುತ್ತದೆ. ಆಶ್ಲೇಷ ಮಳೆಗೆ ಆ ಧರೆ ಚರಂಡಿಯೊಳಕ್ಕೇ ಕುಸಿಯುತ್ತದೆ.

ಮೂರನೆಯದು ಪಂಚಾಂಗದ ತಕರಾರು. ಸರ್ಕಾರದ ವರ್ಷ ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಸಾಯುತ್ತದೆ. ಹೊಸ ಹಣಕ್ಕೆ ಕ್ರಿಯಾ ಯೋಜನೆ ಆಗಬೇಕು, ಮಂಜೂರಾತಿ ಬರಬೇಕು, ಟೆಂಡರ್ ಕರೆಯಬೇಕು, ಕಾರ್ಯಾದೇಶ ಕೊಡಬೇಕು. ಅಷ್ಟು ಹೊತ್ತಿಗೆ ಮೃಗಶಿರ ಹಿಡಿದಿರುತ್ತದೆ. ರಸ್ತೆಗೆ ಹಣ ಅತಿ ಅಗತ್ಯವಿರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಖಜಾನೆಯ ಬಾಗಿಲು ಅರ್ಧ ಮಾತ್ರ ತೆರೆದಿರುತ್ತದೆ. ಕೆಲಸ ಶುರುವಾಗುವುದು ದೀಪಾವಳಿ ಕಳೆದ ಮೇಲೆ, ಮುಗಿಯುವುದು ಮಾರ್ಚ್ ಕೊನೆಯ ವಾರದ ಗಡಿಬಿಡಿಯಲ್ಲಿ. ಟಾರು ಹಾಕಲು ಒಣಗಾಲವೇ ಸರಿ, ತಕರಾರಿಲ್ಲ. ಆದರೆ ಚರಂಡಿಯ ಕೆಲಸವನ್ನು ಟಾರಿನ ಪಂಚಾಂಗಕ್ಕೆ ಕಟ್ಟಿಹಾಕಿದ್ದು ಯಾವ ಲೆಕ್ಕ?

ಹೀಗೆ ಬೇಸಿಗೆ ಕೈಬಿಟ್ಟು ಹೋದ ಮೇಲೆ ಮಳೆಗಾಲಕ್ಕೆ ಉಳಿಯುವುದು ತೇಪೆ. ತೇಪೆಯನ್ನೂ ಸರಿಯಾಗಿ ಹಾಕುವ ವಿಧಾನವಿದೆ. ಗುಂಡಿಯ ಸುತ್ತ ಗಟ್ಟಿ ಜಾಗ ಸಿಗುವವರೆಗೆ ಚೌಕಾಕಾರವಾಗಿ, ಗೋಡೆ ನೇರ ನಿಲ್ಲುವಂತೆ ಕತ್ತರಿಸಬೇಕು. ಸಡಿಲ ಜಲ್ಲಿ, ಕೆಸರು ತೆಗೆದು ಒಣಗಿಸಬೇಕು. ಎಮಲ್ಷನ್, ಎಂದರೆ ನೀರಿನಲ್ಲಿ ಕದಡಿದ ಟಾರು, ಬಳಿಯಬೇಕು. ಬಳಿದಾಗ ಅದು ಕಾಫಿಯಂತೆ ಕಂದಾಗಿರುತ್ತದೆ, ನೀರಿನಂಶ ಬಿಟ್ಟ ಮೇಲೆ ಕಪ್ಪಾಗುತ್ತದೆ. ಕಪ್ಪಾಗುವವರೆಗೆ ಕಾಯಬೇಕು. ಆಮೇಲೆ ಬಿಸಿ ಮಿಶ್ರಣವನ್ನು ಪದರ ಪದರವಾಗಿ ತುಂಬಿ, ಅದರ ಬಿಸಿ ಆರುವ ಮುನ್ನ ರೋಲರ್ ಹಾಯಿಸಬೇಕು. ಸುಮಾರು 150 ಡಿಗ್ರಿಯಲ್ಲಿ ಹೊರಟ ಮಿಶ್ರಣ ಘಟ್ಟದ ಗಾಳಿಯಲ್ಲಿ ತಾಸುಗಟ್ಟಲೆ ಲಾರಿಯಲ್ಲಿ ಕೂತು ಬಂದರೆ ರೋಲರ್ ಎಷ್ಟು ಉರುಳಿದರೂ ಕೂಡಿಕೊಳ್ಳುವುದಿಲ್ಲ. ಮಳೆಯಲ್ಲಂತೂ ಇದು ಆಗದ ಮಾತು. ಅದಕ್ಕೇ ಚೀಲದಲ್ಲಿ ಬರುವ ತಣ್ಣನೆಯ ಸಿದ್ಧ ಮಿಶ್ರಣ ಬಳಸುತ್ತಾರೆ, ಇಲ್ಲವೇ ನೀರು ಬೆರೆಸಿದ ಜಲ್ಲಿಯ ಮಿಶ್ರಣ (ವೆಟ್‌ಮಿಕ್ಸ್) ಹಾಕಿ ಒತ್ತುತ್ತಾರೆ. ಅದು ಅಕ್ಟೋಬರ್‌ವರೆಗೆ ದಿನ ದೂಡುವ ಉಪಾಯ ಎಂದು ಹಾಕುವವರಿಗೂ ಗೊತ್ತಿರುತ್ತದೆ. ನಾವು ಹೆಚ್ಚಾಗಿ ಕಾಣುವುದು ಇದ್ಯಾವುದೂ ಅಲ್ಲ: ನೀರು ತುಂಬಿದ ಗುಂಡಿಗೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು, ಮೇಲೆ ನಾಲ್ಕು ಬುಟ್ಟಿ ಬೇಬಿ ಜಲ್ಲಿ. ಮಣ್ಣು ಹಾಕಿದ ಗುಂಡಿ ಹಾಕದ ಗುಂಡಿಗಿಂತ ಕೆಟ್ಟದ್ದು. ಅದರ ನೀರು ಇಂಗುವುದೂ ಇಲ್ಲ, ಹರಿಯುವುದೂ ಇಲ್ಲ.

ಘಟ್ಟದ ರಸ್ತೆಗಳಲ್ಲಿ ಇದೇ ನೀರಿನ ಲೆಕ್ಕ ಜೀವದ ಲೆಕ್ಕವಾಗುತ್ತದೆ. ಅಲ್ಲಿ ರಸ್ತೆಯ ಒಂದು ಪಕ್ಕ ಕಡಿದ ಗುಡ್ಡ, ಇನ್ನೊಂದು ಪಕ್ಕ ಕಣಿವೆ. ಗುಡ್ಡದ ನೀರು ಒಳಬದಿಯ ಚರಂಡಿಗೆ ಇಳಿದು, ಮೋರಿಯೊಳಗೆ ರಸ್ತೆಯಡಿ ದಾಟಿ, ಕಣಿವೆ ಸೇರಬೇಕು. ಮೋರಿ ಕಟ್ಟಿಕೊಂಡರೆ ನೀರು ರಸ್ತೆ ಮೇಲೆ ಹಾದು ಕಣಿವೆ ಬದಿಯ ತುಂಬು ಮಣ್ಣನ್ನು ಕೊರೆಯುತ್ತದೆ. ಮೇಲಿನಿಂದ ರಸ್ತೆ ಸರಿಯಾಗಿಯೇ ಕಾಣುತ್ತಿರುತ್ತದೆ, ಕೆಳಗೆ ಅರ್ಧ ರಸ್ತೆ ಗಾಳಿಯಲ್ಲಿ ನಿಂತಿರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಲ್ಲಿಸುವುದು ಇದಕ್ಕೆ. ಹಾಗೆ ನಿಲ್ಲಿಸುವ ಅಧಿಕಾರ ಜಿಲ್ಲಾಧಿಕಾರಿಯದು. ರಸ್ತೆ ಯಾರದ್ದೇ ಆಗಿರಲಿ, ವಿಪತ್ತು ಬಂದರೆ ಜಿಲ್ಲೆಯ ಮಟ್ಟದಲ್ಲಿ ಮುಂದೆ ನಿಂತು ಆದೇಶ ಕೊಡಬೇಕಾದವರು ಅವರು. ಬಸ್ಸು ಸುತ್ತಿಕೊಂಡು ಹೋಗಬೇಕಾದಾಗ ಬೈಯುತ್ತೇವೆ, ನಾನೂ ಬೈದಿದ್ದೇನೆ.

ಕಾಂಕ್ರೀಟ್ ಹಾಕಿದರೆ ಎಲ್ಲ ಮುಗಿಯಿತು ಎನ್ನುವವರಿಗೆ ಶಿರಾಡಿ ಘಾಟಿಯನ್ನು ನೆನಪಿಸಬೇಕು. ಬೆಂಗಳೂರು-ಮಂಗಳೂರು ನಡುವಿನ ಹೆದ್ದಾರಿ 75ರ ಈ ಭಾಗದಲ್ಲಿ ಸುಮಾರು 26 ಕಿಲೋಮೀಟರ್ ಉದ್ದಕ್ಕೆ ಎರಡು ಹಂತದಲ್ಲಿ, 2015 ಮತ್ತು 2018ರಲ್ಲಿ, ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಕಾಂಕ್ರೀಟ್ ಹಾಕಿದರು. ಗುಂಡಿಯ ಕಾಟ ತಪ್ಪಿತು, ಅದು ನಿಜವಾದ ಲಾಭ. ಆದರೆ ಎರಡನೇ ಹಂತ ಮುಗಿದು 2018ರ ಜುಲೈನಲ್ಲಿ ತೆರೆದ ರಸ್ತೆ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ತಿಂಗಳು ಮಡಿಕೇರಿ-ಸಂಪಾಜೆ ರಸ್ತೆಯೂ ಹೋಯಿತು. ಮರುವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ. ಮೇಲಿನ ಹಾಸು ಏನೇ ಇರಲಿ, ಗುಡ್ಡದ ನೀರಿಗೆ ದಾರಿ ಬೇಕು, ಕಡಿದ ಗುಡ್ಡಕ್ಕೆ ಇಳಿಜಾರು ಬೇಕು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕ ರಸ್ತೆ ಅಗಲಕ್ಕಾಗಿ ಕಡಿದಿದ್ದ ಗುಡ್ಡ 2024ರ ಜುಲೈ 16ರಂದು ಜಾರಿದಾಗ ರಸ್ತೆ ಬದಿಯಲ್ಲಿದ್ದವರು, ನಿಂತಿದ್ದ ವಾಹನಗಳು ಮಣ್ಣಿನಡಿ ಸೇರಿದವು. ಗಂಗಾವಳಿ ನದಿಗೆ ಬಿದ್ದ ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ಬರಬೇಕಾಯಿತು. ಆ ಗುಡ್ಡ ಜಾರಿದ್ದು ಕೂಡ ಪುನರ್ವಸು ಮಳೆಗೆ.

ಕೈಯಲ್ಲಿ ಏನಿದೆ ಎಂದು ಕೇಳುವವರಿಗೆ ಇಷ್ಟು ಹೇಳಬಹುದು. ಹಳದಿ ಕಲ್ಲಿನ ರಸ್ತೆಯಾದರೆ 1033ಕ್ಕೆ ಕರೆ ಮಾಡಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಮುರಿದು ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಸತ್ತ ಮೇಲೆ ಒಂದು ಲಕ್ಷ ಎಂಬುದು ಸಮಾಧಾನದ ಮಾತಲ್ಲ, ಆದರೆ ಅರ್ಜಿಯಲ್ಲಿ ಆ ಕಲಮಿನ ಹೆಸರು ಬರೆದರೆ ಓದುವವರು ಕೊಂಚ ನೆಟ್ಟಗೆ ಕೂರುತ್ತಾರೆ. ಊರ ರಸ್ತೆಗಾದರೆ ಬೇಸಿಗೆಯ ಗ್ರಾಮಸಭೆಯೇ ಸರಿಯಾದ ಜಾಗ. ಗುಂಡಿಯ ಮಾತು ಅಲ್ಲಿ ಬೇಡ. ಎಷ್ಟು ಮೋರಿಗಳಿವೆ, ಎಷ್ಟು ಕಟ್ಟಿಕೊಂಡಿವೆ, ಎಲ್ಲೆಲ್ಲಿ ಅಂಚಿನ ಮಣ್ಣು ರಸ್ತೆಗಿಂತ ಎತ್ತರವಾಗಿದೆ ಎಂದು ಒಂದು ಬೆಳಗ್ಗೆ ನಡೆದು ಎಣಿಸಿ ಪಟ್ಟಿ ಕೊಡಿ. ಮೇ ಕೊನೆಗೆ ಹೋಗಿ ಅದೇ ಮೋರಿಗಳ ಫೋಟೊ ತೆಗೆಯಿರಿ. ಎಂ.ಬಿ.ಗೆ ಇಲ್ಲದ ಸಾಕ್ಷಿ ನಿಮ್ಮ ಮೊಬೈಲಿನಲ್ಲಿ ಇರುತ್ತದೆ.

ನಮ್ಮ ಗೇಟಿನ ಮುಂದಿನ ಆರಿಂಚಿನ ಪೈಪನ್ನು ಹೋದ ವರ್ಷ ಕಿತ್ತು, ಅದರ ಜಾಗಕ್ಕೆ ಚಪ್ಪಡಿ ಹಾಸಿದ್ದೇವೆ. ಹಾಳೆ ಬಂದರೆ ಚಪ್ಪಡಿ ಎತ್ತಿ ತೆಗೆಯಬಹುದು. ಪುನರ್ವಸು ಕಳೆಯಿತು, ಪುಷ್ಯ ಕಳೆಯಿತು, ನಮ್ಮ ತಿರುವು ಗಟ್ಟಿಯಾಗಿ ನಿಂತಿತು. ಗುಂಡಿ ಈಗ ಐವತ್ತು ಗಜ ಕೆಳಗೆ ಬಿದ್ದಿದೆ. ಅಲ್ಲಿನ ಮನೆಯವರೂ ಹೊಸ ಕಾರು ಕೊಂಡಿದ್ದಾರೆ.